ಕಟ್ಟಿಹಾಕಿದ ಕರಡಿ

(ಬೇಟೆಯ ನೀತಿಯ ಬಗ್ಗೆ ಸಭೆಯೊಂದರಲ್ಲಿ ಆಡಿದ ಮಾತನ್ನು ಬರಹಕ್ಕೆ ಇಳಿಸಿದ್ದೇನೆ. ಮಾತಿನಲ್ಲಿ ಎರಡೆರಡು ಸಲ ಬಂದದ್ದನ್ನು ತೆಗೆದಿದ್ದೇನೆ. ವೇದಿಕೆಯ ಮೇಲೆ ನೆನಪಿಗೆ ಬಾರದ ಒಂದೆರಡು ಇಸವಿಗಳನ್ನು ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ. ಮೊದಲೇ ಹೇಳಿಬಿಡುತ್ತೇನೆ, ನಾನು ಬೇಟೆಗಾರನಲ್ಲ. ಕೋವಿ ಹಿಡಿದವನಲ್ಲ, ಹಿಡಿಯುವ ಆಸೆಯೂ ಇಲ್ಲ. ಹಾಗಾದರೆ ಇವನಿಗೇಕೆ ಬೇಟೆಯ ಉಸಾಬರಿ ಅಂತ ನೀವು ಕೇಳಬಹುದು. ಕೊಲ್ಲುವ ಕೆಲಸಕ್ಕೂ ಒಂದು ರೀತಿನೀತಿ ಇರಬೇಕು ಅಂತ ಮನುಷ್ಯನಿಗೆ ಯಾಕೆ ಅನ್ನಿಸಿತು? ಆ ನೀತಿ ಬರೆಯುವಾಗ ಅವನ ಕಣ್ಣೆದುರು ಇದ್ದದ್ದು ಪ್ರಾಣಿಯೋ, ತಾನೋ? ಈ ಪ್ರಶ್ನೆ ಬಹಳ ದಿನದಿಂದ ನನ್ನ ಬೆನ್ನು ಬಿಟ್ಟಿಲ್ಲ. ಅದನ್ನೇ ನಿಮ್ಮ ಮುಂದೆ ಹರಡಿಡೋಣ ಅಂತ ಬಂದೆ.

ಒಂದು ಕಥೆಯಿಂದ ಶುರು ಮಾಡುತ್ತೇನೆ. 1902ರ ನವೆಂಬರ್. ಅಮೆರಿಕದ ಅಧ್ಯಕ್ಷ ಥಿಯೋಡೋರ್ ರೂಸ್‌ವೆಲ್ಟ್ ಮಿಸಿಸಿಪ್ಪಿ ರಾಜ್ಯಕ್ಕೆ ಕರಡಿ ಬೇಟೆಗೆ ಹೋಗಿದ್ದಾರೆ. ದಾರಿ ತೋರಿಸಲು ಬಂದವರು ಹೋಲ್ಟ್ ಕಾಲಿಯರ್. ಹುಟ್ಟಿದ್ದು ಗುಲಾಮರಾಗಿ, ಆ ಸೀಮೆಯಲ್ಲಿ ಕರಡಿಯ ಜಾಡು ಹಿಡಿಯುವುದರಲ್ಲಿ ಅವರನ್ನು ಮೀರಿಸಿದವರಿರಲಿಲ್ಲ. ಕಾಲಿಯರ್ ಅಧ್ಯಕ್ಷರನ್ನು ಒಂದು ಕಡೆ ಮರಸು ಕೂರಿಸಿ, ಕರಡಿಯನ್ನು ಇತ್ತ ಸೋವಿಕೊಂಡು ಬರುತ್ತೇನೆ ಎಂದು ನಾಯಿಗಳ ಜೊತೆ ಹಳುವಿಗೆ ನುಗ್ಗಿದರು. ಹೊತ್ತು ಏರಿತು. ಅಧ್ಯಕ್ಷರು ಕಾದು ಕಾದು ಸಾಕಾಗಿ ಊಟಕ್ಕೆಂದು ಬಿಡಾರಕ್ಕೆ ಹೋದರು. ಕರಡಿ ಬಂದದ್ದು ಆಮೇಲೆ! ನೀರಿನ ಹೊಂಡವೊಂದರಲ್ಲಿ ನಾಯಿಗಳು ಅದನ್ನು ಮುತ್ತಿಕೊಂಡವು. ಕರಡಿ ಕೈಗೆ ಸಿಕ್ಕ ನಾಯಿಯನ್ನು ಹಿಡಿದು ಜಜ್ಜಿತು. ಕಾಲಿಯರ್ ಗುಂಡು ಹಾರಿಸುವಂತಿಲ್ಲ, ಈ ಕರಡಿ ಅಧ್ಯಕ್ಷರಿಗೆ ಮೀಸಲು. ನಾಯಿಯನ್ನು ಬಿಟ್ಟುಕೊಡುವಂತೆಯೂ ಇಲ್ಲ. ಕೋವಿಯ ಹಿಡಿಯಿಂದ ಕರಡಿಯ ತಲೆಗೆ ಬಡಿದು, ಅದು ತತ್ತರಿಸುತ್ತಿದ್ದಾಗ ಕುತ್ತಿಗೆಗೆ ಹಗ್ಗ ಹಾಕಿ ಮರಕ್ಕೆ ಬಿಗಿದರು.

ರೂಸ್‌ವೆಲ್ಟ್ ಬಂದು ನೋಡಿದರು. ಅರ್ಧ ಪ್ರಜ್ಞೆ ತಪ್ಪಿದ, ಒದ್ದೆಯಾದ, ಹಗ್ಗದಲ್ಲಿ ಸಿಕ್ಕ ಕರಡಿ. ಸುತ್ತ ನಿಂತವರು ಹೊಡೀರಿ, ಹೊಡೀರಿ ಅಂದರು. ಅವರು ಹೊಡೆಯಲಿಲ್ಲ. ಕಟ್ಟಿಹಾಕಿದ ಪ್ರಾಣಿಗೆ ಗುಂಡು ಹಾರಿಸುವುದು ಬೇಟೆಯಲ್ಲ ಎಂದು ಹಿಂದೆ ಸರಿದರು. ಸುದ್ದಿ ಹಬ್ಬಿತು. ನವೆಂಬರ್ 16ರ ವಾಷಿಂಗ್ಟನ್ ಪೋಸ್ಟ್‌ನಲ್ಲಿ ಕ್ಲಿಫರ್ಡ್ ಬೆರಿಮನ್ ವ್ಯಂಗ್ಯಚಿತ್ರ ಬರೆದರು: ಬೆನ್ನು ತಿರುಗಿಸಿ ಕೈ ಅಡ್ಡ ಹಿಡಿದ ಅಧ್ಯಕ್ಷ, ಹಿಂದೆ ಹಗ್ಗದಲ್ಲಿ ಕರಡಿ. ಅದನ್ನು ನೋಡಿ ಬ್ರೂಕ್ಲಿನ್‌ನ ಮಾರಿಸ್ ಮಿಚ್‌ಟಮ್ ಎಂಬ ಅಂಗಡಿಯವರು ಗೊಂಬೆ ಮಾಡಿ ಮಾರಿದರು. ಅಧ್ಯಕ್ಷರನ್ನು ಜನ ಟೆಡ್ಡಿ ಎಂದು ಕರೆಯುತ್ತಿದ್ದರು. ಮಕ್ಕಳು ಇವತ್ತಿಗೂ ತಬ್ಬಿಕೊಂಡು ಮಲಗುವ ಟೆಡ್ಡಿ ಬೇರ್ ಹುಟ್ಟಿದ್ದು ಹೀಗೆ.

ಇಲ್ಲಿಯವರೆಗಿನ ಕಥೆ ನಿಮ್ಮಲ್ಲಿ ಹಲವರಿಗೆ ಗೊತ್ತಿರಬಹುದು. ಉಳಿದದ್ದನ್ನು ಗೊಂಬೆ ಹೇಳುವುದಿಲ್ಲ. ಗುಂಡು ಹಾರಿಸಲು ಒಪ್ಪದ ಅಧ್ಯಕ್ಷರು, ಪೆಟ್ಟು ತಿಂದು ನರಳುತ್ತಿದ್ದ ಕರಡಿಯ ಸಂಕಟ ಮುಗಿಸಿಬಿಡಿ ಎಂದರು. ಜೊತೆಯವರು ಚಾಕು ಹಾಕಿ ಕೊಂದರು.

ಈಗ ಕರಡಿಯ ಜಾಗದಲ್ಲಿ ನಿಂತು ನೋಡಿ. ಅಧ್ಯಕ್ಷರ ಧರ್ಮಬುದ್ಧಿಯಿಂದ ಅದಕ್ಕೆ ಬಂದ ಭಾಗ್ಯವೇನು? ಹತ್ತಿರದಿಂದ ಒಂದು ಗುಂಡು ಬಿದ್ದಿದ್ದರೆ ಕ್ಷಣದಲ್ಲಿ ಮುಗಿಯುತ್ತಿತ್ತು. ನಾನು ರೂಸ್‌ವೆಲ್ಟರನ್ನು ಹಳಿಯುತ್ತಿಲ್ಲ. ಗುಂಡು ಹಾರಿಸದೆ ಇದ್ದದ್ದು ದೊಡ್ಡ ಮಾತೇ. ಅಷ್ಟು ಜನ ನೋಡುತ್ತಿರುವಾಗ ಬೇಡ ಅನ್ನುವುದಕ್ಕೆ ಎದೆ ಬೇಕು. ಆದರೆ ಆ ನಿಯಮ ಆ ದಿನ ಕಾಪಾಡಿದ್ದು ಬೇಟೆಗಾರನ ಮರ್ಯಾದೆಯನ್ನು. ಕರಡಿಯನ್ನಲ್ಲ.

ಆ ನಿಯಮಕ್ಕೆ ಬೇಟೆಗಾರರ ಲೋಕದಲ್ಲಿ ಫೇರ್ ಚೇಸ್ ಎಂದು ಹೆಸರು. ಕನ್ನಡದಲ್ಲಿ ಏನನ್ನೋಣ? ನ್ಯಾಯದ ಬೇಟೆ ಅಂದರೆ ಕೋರ್ಟಿನ ವಾಸನೆ ಬರುತ್ತದೆ. ಧರ್ಮಬೇಟೆ ಅಂದರೆ ಬೇಟೆಯನ್ನೇ ಹೊಗಳಿದಂತಾಗುತ್ತದೆ. ನೇರಬೇಟೆ ಅನ್ನುವುದು ನನಗೆ ಹಿಡಿಸಿತು, ಅದನ್ನೇ ಬಳಸುತ್ತೇನೆ. (ಸಭೆಯಲ್ಲಿದ್ದ ಹಿರಿಯರೊಬ್ಬರು ಆಮೇಲೆ, 'ಹಳಗನ್ನಡದಲ್ಲಿ ಬೇಟ ಅಂದರೆ ಒಲವು, ಬೇಂಟೆ ಅಂದರೆ ಶಿಕಾರಿ, ನೀವು ನಡುವಿನ ಸೊನ್ನೆ ಜಾರಿಸಬೇಡಿ' ಎಂದು ತಮಾಷೆ ಮಾಡಿದರು.)

ರೂಸ್‌ವೆಲ್ಟ್ ಮತ್ತು ಪತ್ರಿಕಾ ಸಂಪಾದಕ ಜಾರ್ಜ್ ಬರ್ಡ್ ಗ್ರಿನೆಲ್ ಮುಂದಾಗಿ 1887ರಲ್ಲಿ ಬೂನ್ ಅಂಡ್ ಕ್ರಾಕೆಟ್ ಕ್ಲಬ್ ಎಂಬ ಬೇಟೆಗಾರರ ಸಂಘ ಕಟ್ಟಿದರು. ಅದರ ಮೊದಮೊದಲ ನಿಯಮಗಳಲ್ಲೇ ಯಾವುದು ನೇರಬೇಟೆ ಅಲ್ಲ ಎಂದು ಬರೆದಿಟ್ಟರು. ಬೋನಿಗೆ ಬಿದ್ದ ಕರಡಿಯನ್ನು ಕೊಲ್ಲುವುದು ಅಲ್ಲ. ರಾತ್ರಿ ಬೆಂಕಿಯ ಬೆಳಕು ಹಿಡಿದು ಕಣ್ಣು ಕೋರೈಸಿ ಹೊಡೆಯುವುದು ಅಲ್ಲ. ಆಳವಾದ ಹಿಮದಲ್ಲಿ ಕಾಲು ಹೂತು ಓಡಲಾರದ ಜಿಂಕೆಯನ್ನು ಹೊಡೆಯುವುದು ಅಲ್ಲ. ನೀರಲ್ಲಿ ಈಜುತ್ತಿರುವ ಪ್ರಾಣಿಯನ್ನು ದೋಣಿಯಿಂದ ಹೊಡೆಯುವುದೂ ಅಲ್ಲ. ಈ ಕ್ಲಬ್ಬಿನ ಈಗಿನ ವ್ಯಾಖ್ಯೆಯ ಸಾರವನ್ನು ನನ್ನ ಮಾತಲ್ಲಿ ಹೇಳುವುದಾದರೆ: ಬೇಲಿಯಿಲ್ಲದೆ ಸ್ವಚ್ಛಂದವಾಗಿ ತಿರುಗುವ ಕಾಡುಪ್ರಾಣಿಯನ್ನು ಕಾನೂನಿನ ಒಳಗೇ ಬೆನ್ನಟ್ಟಬೇಕು, ಅದರ ಮೇಲೆ ಸಲ್ಲದ ಮೇಲುಗೈ ಪಡೆಯಬಾರದು.

ಇದೆಲ್ಲ ದಿಢೀರನೆ ಹುಟ್ಟಿದ ಕರುಣೆಯಲ್ಲ. ಆ ಹೊತ್ತಿಗೆ ಅಮೆರಿಕದ ಬಯಲಿನಲ್ಲಿ ಕೋಟಿಗಟ್ಟಲೆ ಇದ್ದ ಕಾಡೆಮ್ಮೆಗಳು ಕೆಲವೇ ನೂರಕ್ಕೆ ಇಳಿದಿದ್ದವು. ಚರ್ಮಕ್ಕೆ, ಮಾಂಸಕ್ಕೆ, ಪೇಟೆಯ ವ್ಯಾಪಾರಕ್ಕೆ ಕೊಲ್ಲುವವರು ಕಾಡನ್ನು ಬರಿದು ಮಾಡುತ್ತಿದ್ದರು. ಅವರಿಂದ ತಮ್ಮನ್ನು ಬೇರೆ ಮಾಡಿ ತೋರಿಸುವ ಗೆರೆಯೊಂದು ಶ್ರೀಮಂತ ಬೇಟೆಗಾರರಿಗೆ ಬೇಕಿತ್ತು. ಆ ಗೆರೆಯಿಂದ ಕಾಡಿಗೆ ಒಳ್ಳೆಯದೂ ಆಯಿತು, ಅದನ್ನು ಒಪ್ಪೋಣ. ಆದರೆ ಗೆರೆ ಎಳೆದವರು ಹೊಟ್ಟೆ ತುಂಬಿದವರು ಎಂಬುದನ್ನೂ ಮರೆಯಬಾರದು. ಇನ್ನೊಂದು ವಿಷಯ. ಇದೇ ರೂಸ್‌ವೆಲ್ಟ್ 1909-10ರಲ್ಲಿ ಮ್ಯೂಸಿಯಮ್ಮಿಗೆ ಮಾದರಿ ತರುತ್ತೇನೆಂದು ಆಫ್ರಿಕಾಕ್ಕೆ ಹೋದಾಗ, ತಂದೆ ಮಗ ಇಬ್ಬರೇ 500ಕ್ಕೂ ಹೆಚ್ಚು ದೊಡ್ಡ ಪ್ರಾಣಿಗಳನ್ನು ಹೊಡೆದರು. ಹೇಗೆ ಹೊಡೆಯಬೇಕು ಎಂದು ಹೇಳುವ ನಿಯಮ ಎಷ್ಟು ಹೊಡೆಯಬೇಕು ಎಂಬುದರ ಬಗ್ಗೆ ಬಾಯಿ ಬಿಡುವುದಿಲ್ಲ.

ನೀರಲ್ಲಿ ಈಜುವ ಪ್ರಾಣಿಯನ್ನು ಹೊಡೆಯಬಾರದು ಅಂದೆನಲ್ಲ, ಅಲ್ಲೇ ಸ್ವಲ್ಪ ನಿಲ್ಲೋಣ. ಅಲಾಸ್ಕದ ವಾಯವ್ಯದಲ್ಲಿ ಕೋಬುಕ್ ಎಂಬ ನದಿ. ಅದರ ಒಂದು ತಿರುವಿನಲ್ಲಿ ಆನಿಯನ್ ಪೋರ್ಟೇಜ್ ಎಂಬ ಜಾಗ. ಕ್ಯಾರಿಬು ಅಂದರೆ ಹಿಮನಾಡಿನ ಜಿಂಕೆ. ಅದರ ಹಿಂಡು ವಲಸೆ ಹೋಗುವಾಗ ಅಲ್ಲಿ ನದಿ ದಾಟುತ್ತದೆ. ಸುಮಾರು 9,000 ವರ್ಷಗಳಿಂದ ಜನ ಅಲ್ಲಿ ಕಾದು ಕೂತು, ಅವು ನೀರಿಗಿಳಿದಾಗಲೇ ಬೇಟೆಯಾಡಿದ್ದಾರೆ. ಇವತ್ತಿಗೂ ಅಲ್ಲಿಯ ಇನುಪಿಯಾಟ್ ಜನ ದೋಣಿಯಲ್ಲಿ ಹಿಂಡಿನ ಪಕ್ಕಕ್ಕೆ ಹೋಗಿ, ಬೇಕಾದ ಒಂದನ್ನು ಆರಿಸಿ, ತೀರಾ ಹತ್ತಿರದಿಂದ ಚಿಕ್ಕ ಕೋವಿಯಲ್ಲಿ ಹೊಡೆಯುತ್ತಾರೆ. ಆ ಸೀಮೆಯಲ್ಲಿ ಕಾನೂನೇ ಅದಕ್ಕೆ ಅನುಮತಿ ಕೊಟ್ಟಿದೆ. ಕ್ಲಬ್ಬಿನ ಹಳೆಯ ನಿಯಮದ ಪ್ರಕಾರ ಇದು ನೀಚ ಬೇಟೆ. ಆದರೆ ಗಮನಿಸಿ: ಗುರಿ ತಪ್ಪುವುದಿಲ್ಲ, ಗಾಯಗೊಂಡು ತಪ್ಪಿಸಿಕೊಂಡು ಎಲ್ಲೋ ನರಳಿ ಸಾಯುವ ಪ್ರಾಣಿ ಇರುವುದಿಲ್ಲ, ಬೇಡದ ಪ್ರಾಣಿಗೆ ಪೆಟ್ಟು ಬೀಳುವುದಿಲ್ಲ. ಚಳಿಗಾಲವಿಡೀ ಮನೆಮಂದಿ ತಿನ್ನಬೇಕಾದ ಊಟ ಅದು. ಇದು ಅನ್ಯಾಯ ಎಂದು ಹೇಳುವ ಧೈರ್ಯ ನನಗಂತೂ ಇಲ್ಲ.

ನನ್ನ ಮಾತಿನ ಗಂಟು ಇರುವುದು ಇಲ್ಲೇ. ನ್ಯಾಯ ಒಂದು ಕಡೆ ಎಳೆಯುತ್ತದೆ, ದಯೆ ಇನ್ನೊಂದು ಕಡೆ. ಪ್ರಾಣಿಗೆ ತಪ್ಪಿಸಿಕೊಳ್ಳಲು ಅವಕಾಶ ಕೊಟ್ಟಷ್ಟೂ ಪೆಟ್ಟು ಅರೆಬರೆಯಾಗುವ ಅಪಾಯ ಹೆಚ್ಚು. ಪೆಟ್ಟು ಖಚಿತವಾಗಲಿ ಎಂದು ಹೊರಟಷ್ಟೂ ಪ್ರಾಣಿಗೆ ದಾರಿ ಕಡಿಮೆ. ಈ ಜಗ್ಗಾಟ ನಮ್ಮ ಪುರಾಣಗಳಿಗೂ ಗೊತ್ತಿತ್ತು. ಮರೆಯಲ್ಲಿ ನಿಂತು ಬಾಣ ಬಿಟ್ಟೆಯಲ್ಲ ಎಂದು ವಾಲಿ ಕೇಳಿದಾಗ ರಾಮ ಕೊಡುವ ಉತ್ತರಗಳಲ್ಲಿ ಒಂದು ಇದು: ಜನ ಬಲೆಯೊಡ್ಡಿ, ಉರುಳು ಹಾಕಿ, ಅಡಗಿ ನಿಂತು ಮೃಗಗಳನ್ನು ಹಿಡಿಯುತ್ತಾರೆ, ಬೆದರಿ ಓಡುವುದನ್ನೂ ನಂಬಿ ನಿಂತದ್ದನ್ನೂ ಹೊಡೆಯುತ್ತಾರೆ, ಅದರಲ್ಲಿ ದೋಷವಿಲ್ಲ. ಮೃಗಕ್ಕೆ ಯುದ್ಧಧರ್ಮ ಅನ್ವಯಿಸುವುದಿಲ್ಲ ಎಂಬ ವಾದ. ಆದರೆ ಮಹಾಭಾರತದಲ್ಲಿ, ಜಿಂಕೆಯ ರೂಪದಲ್ಲಿ ಹೆಣ್ಣಿನೊಡನೆ ಕೂಡಿದ್ದಾಗ ಪಾಂಡುವಿನ ಬಾಣ ತಿಂದ ಕಿಂದಮ ಮುನಿ ಬೇರೆಯೇ ಮಾತಾಡುತ್ತಾನೆ. ಜಿಂಕೆ ಕೊಂದದ್ದಕ್ಕೆ ನಿನ್ನನ್ನು ದೂರುವುದಿಲ್ಲ, ಆ ಹೊತ್ತು ಮುಗಿಯುವ ತನಕ ಕಾಯಬೇಕಿತ್ತು ಅನ್ನುತ್ತಾನೆ. ಕೊಲ್ಲಬೇಡ ಅಂದಿಲ್ಲ ನೋಡಿ. ಕಾಯಬೇಕಿತ್ತು ಅಂದ. ನೇರಬೇಟೆಯ ಬಗ್ಗೆ ನಾನು ಓದಿದ ವಾದಗಳಲ್ಲೆಲ್ಲ ಪ್ರಾಣಿಯ ಬಾಯಿಂದ ಬಂದದ್ದು ಇದೊಂದೇ.

ಬೇಟೆಯನ್ನು ಆಟಕ್ಕೆ ಹೋಲಿಸುವವರಿದ್ದಾರೆ. ಆ ಹೋಲಿಕೆ ನನಗೆ ಒಪ್ಪಿಗೆಯಿಲ್ಲ. ಕಬಡ್ಡಿಯಲ್ಲಿ ಎರಡೂ ಕಡೆಯವರು ಒಪ್ಪಿ ಅಂಕಣಕ್ಕೆ ಇಳಿಯುತ್ತಾರೆ. ಜಿಂಕೆ ಯಾವ ಅಂಕಣಕ್ಕೂ ಒಪ್ಪಿ ಇಳಿದದ್ದಲ್ಲ. ಸೋತರೆ ಅದಕ್ಕೆ ಸಾವು, ಗೆದ್ದರೆ ನಿನ್ನೆ ಇದ್ದ ಬದುಕೇ. ಹಾಗಾಗಿ ಇಬ್ಬರಿಗೂ ಸಮಾನ ಅವಕಾಶ ಎಂಬ ಅರ್ಥದ ನ್ಯಾಯ ಇಲ್ಲಿ ಸಾಧ್ಯವೇ ಇಲ್ಲ. ಕೇಳಬಹುದಾದ ಪ್ರಶ್ನೆ ಒಂದೇ. ಬದುಕಿಕೊಳ್ಳಲು ಆ ಪ್ರಾಣಿಗೆ ಹುಟ್ಟಿನಿಂದ ಬಂದ ಮೂಗು, ಕಿವಿ, ಕಾಲು, ಹಳುವಿನ ಮರೆ ಇವು ಇನ್ನೂ ಅದರ ಉಪಯೋಗಕ್ಕೆ ಬರುತ್ತಿವೆಯೋ, ಅಥವಾ ನಾವು ಅವನ್ನು ಸುಮ್ಮನೆ ನಿಷ್ಪ್ರಯೋಜಕ ಮಾಡಿಬಿಟ್ಟಿದ್ದೇವೋ?

ಹೊಸ ಸಲಕರಣೆಗಳನ್ನು ಈ ಕಣ್ಣಿಂದ ನೋಡಿ. ದೂರ ಅಳೆಯುವ ಲೇಸರ್, ಗುಂಡು ಎಷ್ಟು ಇಳಿಯುತ್ತದೆಂದು ತಾನೇ ಲೆಕ್ಕ ಹಾಕುವ ದುರ್ಬೀನು ಬಂದ ಮೇಲೆ 1,000 ಗಜ ದೂರದಿಂದ, ಅಂದರೆ ಹೆಚ್ಚುಕಡಿಮೆ ಒಂದು ಕಿಲೋಮೀಟರಿನಿಂದ, ಹೊಡೆಯುತ್ತೇವೆ ಅನ್ನುವವರಿದ್ದಾರೆ. ಅಷ್ಟು ದೂರದಲ್ಲಿ ಗಾಳಿ ಯಾವ ಕಡೆ ಬೀಸಿದರೇನು, ಪ್ರಾಣಿಯ ಮೂಗಿಗೆ ಕೆಲಸವಿಲ್ಲ. ಕಿವಿಗೂ ಇಲ್ಲ, ಗುಂಡು ಸದ್ದಿಗಿಂತ ಮೊದಲೇ ತಲುಪುತ್ತದೆ. ಹೋಗಲಿ, ಪೆಟ್ಟಾದರೂ ಖಚಿತವೇ? ಅಷ್ಟು ದೂರ ಹೋಗಲು ಗುಂಡಿಗೆ ಒಂದು ಸೆಕೆಂಡಿಗಿಂತ ಹೆಚ್ಚು ಬೇಕು. ಮೇಯುತ್ತಿರುವ ಜಿಂಕೆ ಅಷ್ಟರಲ್ಲಿ ಒಂದು ಹೆಜ್ಜೆ ಮುಂದಿಟ್ಟರೆ ಎದೆಗೆ ಬೀಳಬೇಕಾದದ್ದು ಹೊಟ್ಟೆಗೆ ಬೀಳುತ್ತದೆ. ಹೊಟ್ಟೆಗೆ ಗುಂಡು ಬಿದ್ದ ಪ್ರಾಣಿ ಗಂಟೆಗಟ್ಟಲೆ ಸಾಯುತ್ತದೆ. ಇದರಲ್ಲಿ ನ್ಯಾಯವೂ ಇಲ್ಲ, ದಯೆಯೂ ಇಲ್ಲ. ಇಂಥದ್ದರ ಬಗ್ಗೆ ತೀರ್ಮಾನ ಸುಲಭ.

ಕ್ಯಾಮೆರಾಗಳ ವಿಷಯವೂ ಸುಲಭವೇ. ಅರಿಜೋನದ ಮರಳುಗಾಡಿನಲ್ಲಿ ಪ್ರಾಣಿಗಳಿಗೆ ನೀರಿನ ಜಾಗಗಳು ಬೆರಳೆಣಿಕೆಯವು. ಒಂದೊಂದು ಹೊಂಡದ ಸುತ್ತಲೂ ಕ್ಯಾಮೆರಾಗಳ ಸಾಲು ಕಟ್ಟಿ, ಯಾವ ಜಿಂಕೆ ಎಷ್ಟು ಹೊತ್ತಿಗೆ ನೀರಿಗೆ ಬರುತ್ತದೆ ಎಂದು ಮನೆಯಲ್ಲಿ ಕೂತೇ ಫೋನಿನಲ್ಲಿ ನೋಡುವುದು ನಡೆದಿತ್ತು. 2022ರ ಜನವರಿಯಿಂದ ಆ ರಾಜ್ಯ ಬೇಟೆಗೆ ಇಂಥ ಕ್ಯಾಮೆರಾ ಬಳಸುವುದನ್ನೇ ನಿಷೇಧಿಸಿತು. ಅಲಾಸ್ಕದಲ್ಲಿ ಇನ್ನೂ ಹಳೆಯ, ನನಗೆ ಬಹಳ ಇಷ್ಟವಾದ ನಿಯಮವಿದೆ. ಕಾಡಿಗೆ ಹೋಗಲು ಅಲ್ಲಿ ಚಿಕ್ಕ ವಿಮಾನವೇ ಗತಿ. ಆದರೆ ವಿಮಾನದಲ್ಲಿ ಹಾರಿದವರು, ಕೆಲವು ವಿನಾಯಿತಿ ಬಿಟ್ಟರೆ, ಮರುದಿನ ಬೆಳಗಿನ ಜಾವ 3 ಗಂಟೆಯವರೆಗೆ ದೊಡ್ಡ ಪ್ರಾಣಿಗೆ ಗುಂಡು ಹಾರಿಸುವಂತಿಲ್ಲ. ಮೇಲಿಂದ ಕಂಡ ಕರಡಿ ಬೆಳಗಾಗುವುದರೊಳಗೆ ಗುಡ್ಡ ದಾಟಿ ಹೋಗಬಹುದು. ಹೋದರೆ ಹೋಯಿತು. ಮಿಕಕ್ಕೆ ಒಂದು ರಾತ್ರಿ ಬಿಟ್ಟುಕೊಡುವ ಕಾನೂನು!

ಬೇಲಿಯ ಬೇಟೆಯ ಬಗ್ಗೆ ಹೆಚ್ಚು ಮಾತು ಬೇಡ. ದಕ್ಷಿಣ ಆಫ್ರಿಕಾದಲ್ಲಿ ಸಾವಿರಾರು ಸಿಂಹಗಳನ್ನು ದೊಡ್ಡಿಗಳಲ್ಲಿ ಸಾಕಿದ್ದಾರೆ. ಅವುಗಳಲ್ಲಿ ಎಷ್ಟೋ ಸಿಂಹಗಳ ಕೊನೆ, ದುಡ್ಡು ಕೊಟ್ಟು ಬಂದವನ ಕೋವಿಯ ಎದುರು, ದಾಟಲಾಗದ ಬೇಲಿಯ ಒಳಗೆ. ಕೂಸಾಗಿದ್ದಾಗಿನಿಂದ ಮನುಷ್ಯರ ಕೈಯಲ್ಲಿ ತಿಂದ ಸಿಂಹ ಮನುಷ್ಯನ ವಾಸನೆಗೆ ಓಡುವುದೂ ಇಲ್ಲ. ಇದನ್ನು ನಿಲ್ಲಿಸುವುದಾಗಿ ಅಲ್ಲಿಯ ಸರ್ಕಾರ 2021ರಲ್ಲಿ ಘೋಷಿಸಿತು. ಬೂನ್ ಅಂಡ್ ಕ್ರಾಕೆಟ್ ಕ್ಲಬ್ಬು ಬೇಲಿಯೊಳಗೆ ಹೊಡೆದ ಪ್ರಾಣಿಯ ಕೊಂಬನ್ನು ತನ್ನ ದಾಖಲೆ ಪುಸ್ತಕಕ್ಕೆ ಸೇರಿಸುವುದಿಲ್ಲ. ಬೇಟೆಗಾರರೇ ಅಸಹ್ಯಪಡುವ ಸಂಗತಿ ಇದು.

ಕಷ್ಟವಿರುವುದು ಒಳ್ಳೆಯ ಹೆಸರಿರುವ ಬೇಟೆಯಲ್ಲಿ. ಬಿಲ್ಲುಬಾಣವನ್ನೇ ತೆಗೆದುಕೊಳ್ಳಿ. ಬಂದೂಕಿಗಿಂತ ಬಿಲ್ಲು ಹೆಚ್ಚು ನ್ಯಾಯ ಎಂಬ ಭಾವನೆ ಎಲ್ಲ ಕಡೆ ಇದೆ. ಪ್ರಾಣಿಗೆ 30 ಮೀಟರಿನಷ್ಟು ಹತ್ತಿರ ಹೋಗಬೇಕು, ಗಾಳಿ ನೋಡಬೇಕು, ಒಣ ಎಲೆಯ ಮೇಲೆ ಕಾಲಿಡಬಾರದು. ನಿಜವಾದ ವಿದ್ಯೆಯೇ. ಈಗ ಆ 30 ಮೀಟರಿನಲ್ಲಿ ನಡೆಯುವುದನ್ನು ನೋಡಿ. ಈಗಿನ ಬಿಲ್ಲಿನಿಂದ ಬಿಟ್ಟ ಬಾಣ ಸೆಕೆಂಡಿಗೆ ಸುಮಾರು 85 ಮೀಟರ್ ಹೋಗುತ್ತದೆ, ಹೆದೆಯ ಸದ್ದು 340 ಮೀಟರ್. ಸದ್ದು ಜಿಂಕೆಯ ಕಿವಿ ಮುಟ್ಟಿದ ಮೇಲೂ ಬಾಣ ತಲುಪಲು ಕಾಲು ಸೆಕೆಂಡ್ ಉಳಿದಿರುತ್ತದೆ. ಬೆಚ್ಚಿದ ಜಿಂಕೆ ಮೊದಲು ಮಾಡುವ ಕೆಲಸ ಹಾರುವುದಲ್ಲ. ಹಾರಲು ಕಾಲು ಮಡಚಿ ಮೈ ಕುಗ್ಗಿಸುವುದು. ಶ್ವಾಸಕೋಶಕ್ಕೆ ಇಟ್ಟ ಗುರಿ ಬೆನ್ನಿನ ಮೇಲ್ಭಾಗಕ್ಕೆ ಬೀಳುತ್ತದೆ. ಬಾಣ ಕೊಲ್ಲುವುದು ರಕ್ತ ಸುರಿಸಿ. ತಪ್ಪು ಜಾಗಕ್ಕೆ ಬಿದ್ದರೆ ರಕ್ತವೂ ಬೇಗ ಸುರಿಯುವುದಿಲ್ಲ. ಜಿಂಕೆಯ ಕಿವಿ ಕೆಲಸ ಮಾಡಿತು, ಹಾಗಾಗಿ ನ್ಯಾಯವೇನೋ ಆಯಿತು. ಆದರೆ ಆ ಕಿವಿಯಿಂದಲೇ ಅದರ ಸಾವು ದೀರ್ಘವಾಯಿತು.

2015ರ ಜುಲೈಯಲ್ಲಿ ಜಿಂಬಾಬ್ವೆಯ ಹ್ವಾಂಗೆ ರಾಷ್ಟ್ರೀಯ ಉದ್ಯಾನದ ಸಿಂಹ ಸಿಸಿಲ್ ಸತ್ತದ್ದೂ ಬಾಣದಿಂದಲೇ. ಓಡಾಟ ತಿಳಿಯಲು ಆಕ್ಸ್‌ಫರ್ಡ್ ಸಂಶೋಧಕರು ಕುತ್ತಿಗೆಗೆ ಪಟ್ಟಿ ಕಟ್ಟಿದ್ದ, 13 ವರ್ಷದ ಸಿಂಹ. ಉದ್ಯಾನದ ಗಡಿಯಾಚೆ ಸತ್ತ ಆನೆಯ ಮಾಂಸ ಇಟ್ಟು ಕಾದರು. ರಾತ್ರಿ ಬಾಣ ಬಿತ್ತು. ಸಿಂಹ ಗಾಯದೊಂದಿಗೆ ಹೊರಟುಹೋಯಿತು, ಗಂಟೆಗಟ್ಟಲೆ ಕಳೆದ ಮೇಲೆ ಹುಡುಕಿ ಕೊಂದರು. ಹೊಡೆದ ವಿದೇಶಿಯ ಕಾಗದಪತ್ರ ಸರಿಯಾಗಿದೆ ಎಂದು ಜಿಂಬಾಬ್ವೆ ಸರ್ಕಾರ ಅವರ ಮೇಲೆ ಮೊಕದ್ದಮೆ ಹಾಕಲಿಲ್ಲ. ಜಗತ್ತೆಲ್ಲ ಕೂಗಾಡಿದ್ದು ಆ ಸಿಂಹಕ್ಕೆ ಒಂದು ಹೆಸರಿತ್ತು ಎಂಬ ಕಾರಣಕ್ಕೆ. ನನಗೆ ಅದಕ್ಕಿಂತ ಹೆಚ್ಚು ಚುಚ್ಚಿದ್ದು ಬೇರೆ. ಹಸಿವನ್ನು ಬಳಸಿ ಕರೆದು, ಬಳಿಕ 'ನ್ಯಾಯದ' ಆಯುಧ ಹಿಡಿದದ್ದು. ನ್ಯಾಯವೆಲ್ಲ ಬೇಟೆಗಾರನ ಕೈಯಲ್ಲಿ, ಪಾಡೆಲ್ಲ ಸಿಂಹದ ಮೈಯಲ್ಲಿ.

ಹಾಗಂತ ಎರೆ ಇಟ್ಟು ಹೊಡೆಯುವುದೆಲ್ಲ ಕೆಟ್ಟದ್ದೇ ಎಂದು ಒಂದೇ ಉಸಿರಿನಲ್ಲಿ ಹೇಳಿಬಿಡಲು ಆಗುವುದಿಲ್ಲ. ಕರಡಿಗೆ ಎರೆ ಇಡುವುದನ್ನು ಕೊಲರಾಡೊದ ಮತದಾರರು 1992ರಲ್ಲಿ ನಿಲ್ಲಿಸಿದರು. ಮೇನ್ ರಾಜ್ಯದವರು 2014ರಲ್ಲಿ ಅದೇ ಪ್ರಶ್ನೆಗೆ ನಿಲ್ಲಿಸುವುದು ಬೇಡ, ಇರಲಿ ಅಂದರು. ಇರಲಿ ಅನ್ನುವವರ ವಾದದಲ್ಲಿ ತೂಕವಿದೆ. ಎರೆಯ ಮುಂದೆ ಕರಡಿ ನಿಧಾನವಾಗಿ ನಿಂತು ತಿನ್ನುತ್ತದೆ. ಹಿಂದೆ ಮರಿಗಳಿವೆಯೇ ಎಂದು ನೋಡಲು ಸಮಯವಿದೆ, ಗುರಿ ಸರಿಯಾಗಿ ಇಡಬಹುದು. ಮತ್ತೆ ಅದೇ ಜಗ್ಗಾಟ. ನನ್ನನ್ನು ಕೇಳಿದರೆ, ಹೊಡೆಯಲೇಬೇಕು ಎಂದಾದಾಗ ನಾನು ದಯೆಯ ಕಡೆಗೇ ವಾಲುತ್ತೇನೆ. ನ್ಯಾಯವೆಲ್ಲ ಕೋವಿಯ ಕುದುರೆ ಹಿಡಿಯುವ ಮೊದಲೇ ಮುಗಿದಿರಬೇಕು: ಇದನ್ನು ಹೊಡೆಯಬೇಕೇ, ಇವತ್ತು ಹೊಡೆಯಬೇಕೇ, ಬರಿಗೈಯಲ್ಲಿ ಮನೆಗೆ ಹೋಗಲು ನಾನು ತಯಾರಿದ್ದೇನೆಯೇ? ಕುದುರೆಯ ಮೇಲೆ ಬೆರಳಿಟ್ಟ ಮೇಲೆ ಉಳಿಯುವುದು ಬೇಗ ಮುಗಿಸುವ ಹೊಣೆಯೊಂದೇ. ಬೇಟೆಯ ತೆರಿಗೆಯ ದುಡ್ಡಿನಿಂದಲೇ ಕಾಡು ಉಳಿದಿದೆ ಎಂಬ ವಾದವನ್ನು ನಾನು ಬೇಕೆಂದೇ ಮುಟ್ಟಿಲ್ಲ. ಅದು ಕಾಡಿನ ಲೆಕ್ಕ, ಈ ಪ್ರಾಣಿಯ ಲೆಕ್ಕ ಬೇರೆ.

ಕೊನೆಯದಾಗಿ ಒಂದು ಸಣ್ಣ ನಿಯಮ ಹೇಳಿ ಕೂರುತ್ತೇನೆ. ಅಲಾಸ್ಕದ ಕೆಲವು ವಲಯಗಳಲ್ಲಿ ಗಾಯಗೊಳಿಸಿದ ಕರಡಿಯೂ ಹೊಡೆದ ಕರಡಿಯ ಲೆಕ್ಕಕ್ಕೇ ಬರುತ್ತದೆ. ಆಫ್ರಿಕಾದ ದಕ್ಷಿಣ ಭಾಗದ ಬೇಟೆಗಳಲ್ಲೂ ಇದೇ ರೂಢಿ: ರಕ್ತ ಬಿದ್ದರೆ ಸಾಕು, ಪ್ರಾಣಿ ಸಿಗದಿದ್ದರೂ ಪೂರ್ತಿ ಶುಲ್ಕ ಕಟ್ಟಬೇಕು. ಅಂದರೆ ಹೀಗೆ ಊಹಿಸಿಕೊಳ್ಳಿ. ಬೇಟೆಗಾರ ಗುಂಡು ಹಾರಿಸಿದ. ಕರಡಿ ಉರುಳಿ ಎದ್ದು ಪೊದೆಯೊಳಗೆ ನುಗ್ಗಿತು. ಅವನು ಅದು ನಿಂತಿದ್ದ ಜಾಗಕ್ಕೆ ಹೋಗಿ ಮಂಡಿಯೂರಿ ನೋಡುತ್ತಾನೆ. ಎಲೆಯ ಮೇಲೆ ಬೆರಳ ತುದಿಯಷ್ಟು ರಕ್ತ, ನಾಲ್ಕು ಕೂದಲು. ಕತ್ತಲಾಗುವವರೆಗೂ ಹುಡುಕುತ್ತಾನೆ, ಮಾರನೆಯ ದಿನವೂ ಹುಡುಕುತ್ತಾನೆ, ಜಾಡು ತೊರೆಯ ಹತ್ತಿರ ಕಡಿದುಹೋಗಿದೆ. ಆ ವರ್ಷದ ಅವನ ಬೇಟೆ ಅಲ್ಲಿಗೆ ಮುಗಿಯಿತು. ಚರ್ಮವಿಲ್ಲ, ಫೋಟೋ ಇಲ್ಲ. ಆ ಎಲೆಯನ್ನು ಅವನಲ್ಲದೆ ಬೇರೆ ಯಾರೂ ನೋಡಿಲ್ಲ. ಸೀಸನ್ನು ಮುಗಿಯಲು ಇನ್ನೂ ಹತ್ತು ದಿನವಿದೆ, ಎದುರಿನ ಗುಡ್ಡದ ಮೇಲೆ ಇನ್ನೊಂದು ಕರಡಿ ಮೇಯುತ್ತಿದೆ.